ಬುಧವಾರದ ಕಪ್ಪು ಬಟ್ಟೆ

ಲಂಡನ್
ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ,

ಮೊನ್ನೆ ಫೋನಿನಲ್ಲಿ ನೀನು ಬೈದಾಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಡ್ಯೂಟಿ ಮುಗಿಸಿ ಬಸ್ಸಿನಲ್ಲಿದ್ದೆ, ಮಾತು ಬೇರೆ ಕಟ್ ಆಗುತ್ತಿತ್ತು. ಅದಕ್ಕೇ ಈ ಕಾಗದ. ತಮ್ಮನ ಕೈಯಲ್ಲಿ ಓದಿಸಬೇಡ. ನಡುವೆ ಅವನದೊಂದು ಮಾತು ಸೇರಿಸಿಬಿಡುತ್ತಾನೆ. ಕನ್ನಡಕ ಹಾಕಿಕೊಂಡು ನೀನೇ ಓದು.

ಫೋಟೋದಲ್ಲಿ ನಾನು ಮೈತುಂಬ ಕಪ್ಪು ಬಟ್ಟೆ ಹಾಕಿಕೊಂಡು ನಿಂತಿದ್ದು ನಿಜ. ಗಾಬರಿಯಾಗಬೇಡ, ನಮಗೆ ಬೇಕಾದವರಿಗೆ ಯಾರಿಗೂ ಏನೂ ಆಗಿಲ್ಲ. ಅಶುಭ ಅಂದೆಯಲ್ಲ, ಅಕ್ಕನ ಮಗುವಿಗೆ ದಿನಾ ಕಾಡಿಗೆಯ ದೃಷ್ಟಿಬೊಟ್ಟು ಇಡುವಾಗ ನಿನಗೆ ಕಪ್ಪು ಅಶುಭ ಅನ್ನಿಸುವುದಿಲ್ಲ, ಅಲ್ವಾ?

ಅವರ ಹೆಸರೇ ‘ವಿಮೆನ್ ಇನ್ ಬ್ಲ್ಯಾಕ್’. ಕಪ್ಪು ತೊಟ್ಟ ಹೆಂಗಸರು. ಬುಧವಾರ ಸಂಜೆ 6ರಿಂದ 7ರವರೆಗೆ ಟ್ರಫಾಲ್ಗರ್ ಚೌಕದ ಹತ್ತಿರ ಈಡಿತ್ ಕ್ಯಾವೆಲ್ ಪ್ರತಿಮೆಯ ಬುಡದಲ್ಲಿ ನಿಲ್ಲುತ್ತಾರೆ. ಘೋಷಣೆ ಇಲ್ಲ, ಭಾಷಣ ಇಲ್ಲ, ಮೈಕ್ ಇಲ್ಲ. ಕೈಯಲ್ಲಿ ಯುದ್ಧ ಬೇಡ ಅನ್ನುವ ಫಲಕ, ಹೋಗಿ ಬರುವವರಿಗೆ ಒಂದು ಕರಪತ್ರ. ಒಂದು ಗಂಟೆ ಸುಮ್ನೆ ನಿಂತು ಮನೆಗೆ ಹೋಗುತ್ತಾರೆ. ನಾನು ಹೋದ ದಿನ ಇದ್ದವರಲ್ಲಿ ಜಾಸ್ತಿ ಜನ ನಿನ್ನ ವಯಸ್ಸಿನವರೇ. ಮಂಡಿನೋವಿನ ಒಬ್ಬರು ಮಡಚುವ ಕುರ್ಚಿ ತಂದಿದ್ದರು.

ನಿಜ ಹೇಳಬೇಕೆಂದರೆ, ನಾನು ಮೊದಲು ಅಲ್ಲಿ ನಿಂತಿದ್ದು ಪ್ರತಿಮೆ ನೋಡಲು. ಕ್ಯಾವೆಲ್ ಇಂಗ್ಲೆಂಡಿನವಳು, ನನ್ನ ಹಾಗೇ ನರ್ಸ್. ಮೊದಲನೇ ಮಹಾಯುದ್ಧದಲ್ಲಿ ಜರ್ಮನ್ನರು ಹಿಡಿದಿದ್ದ ಬ್ರಸೆಲ್ಸ್‌ನಲ್ಲಿ ಕೆಲಸ ಮಾಡುತ್ತಿದ್ದಳು. ಗಾಯವಾಗಿ ಬಂದವನು ಯಾವ ಕಡೆಯವನು ಅಂತ ನೋಡುತ್ತಿರಲಿಲ್ಲವಂತೆ. ಬ್ರಿಟನ್ ಕಡೆಯ ಸುಮಾರು 200 ಸೈನಿಕರನ್ನು ಗಡಿ ದಾಟಿಸಲು ನೆರವಾದಳು ಅಂತ 1915ರ ಅಕ್ಟೋಬರ್ 12ರ ಬೆಳಗಿನ ಜಾವ ಜರ್ಮನ್ನರು ಅವಳನ್ನು ನಿಲ್ಲಿಸಿ ಗುಂಡು ಹೊಡೆದರು. ಹಿಂದಿನ ರಾತ್ರಿ ಪಾದ್ರಿಯ ಹತ್ತಿರ ಆಕೆ ಹೇಳಿದ್ದು ಇಷ್ಟು: ದೇಶಪ್ರೇಮ ಒಂದೇ ಸಾಲದು, ಯಾರ ಮೇಲೂ ನನಗೆ ದ್ವೇಷವಾಗಲಿ ಕಹಿಯಾಗಲಿ ಇರಬಾರದು. ಇಲ್ಲಿಯವರು ಏನು ಮಾಡಿದರು ಗೊತ್ತಾ? ಅವಳ ಸಾವನ್ನೇ ತೋರಿಸಿ ಹುಡುಗರನ್ನು ಸೈನ್ಯಕ್ಕೆ ಕರೆದರು. 1920ರಲ್ಲಿ ಪ್ರತಿಮೆ ನಿಲ್ಲಿಸಿದಾಗ ಆ ಮಾತು ಅದರ ಮೇಲೆ ಇರಲೇ ಇಲ್ಲ. ಹೆಂಗಸರ ಸಂಘದವರು ಕೇಳಿಕೊಂಡ ಮೇಲೆ, 1924ರಲ್ಲಿ ಕೆತ್ತಿದರು. ಅದನ್ನು ಓದಿ ನನಗೆ ಸಿಟ್ಟೂ ಬಂತು, ನಗುವೂ ಬಂತು. ಆಗಲೇ ಒಬ್ಬರು ಕರಪತ್ರ ಕೊಟ್ಟರು.

ಹೀಗೆ ನಿಲ್ಲುವುದು ಶುರುವಾಗಿದ್ದು ಜೆರುಸಲೇಮಿನಲ್ಲಿ, 1988ರ ಜನವರಿಯಲ್ಲಿ. ಕೆಲವೇ ಇಸ್ರೇಲಿ ಹೆಂಗಸರು ಪ್ರತಿ ಶುಕ್ರವಾರ ಮಧ್ಯಾಹ್ನ ಕಪ್ಪು ತೊಟ್ಟು ವೃತ್ತವೊಂದರಲ್ಲಿ ನಿಂತರು. ಪ್ಯಾಲೆಸ್ಟೀನಿಯರ ನೆಲ ಬಿಟ್ಟುಬಿಡಿ ಅಂತ ತಮ್ಮದೇ ಸರ್ಕಾರಕ್ಕೆ ಹೇಳಿದರು. ಕಾರಿನಲ್ಲಿ ಹೋಗುವವರು ಅವರನ್ನು ಏನೇನು ಅಂದರು ಅಂತ ನಿನಗೆ ಬರೆಯಲು ನನಗೆ ನಾಚಿಕೆ. ಆಮೇಲೆ, ಯುಗೊಸ್ಲಾವಿಯಾ ದೇಶ ಒಡೆದು ಯುದ್ಧ ನಡೆಯುತ್ತಿದ್ದಾಗ, 1991ರ ಅಕ್ಟೋಬರಿನಿಂದ ಸರ್ಬಿಯಾದ ಬೆಲ್‌ಗ್ರೇಡ್‌ನಲ್ಲಿ. ಯುದ್ಧಕ್ಕೆ ಹೋಗಲ್ಲ ಅಂತ ತಲೆಮರೆಸಿಕೊಂಡ ಹುಡುಗರಿಗೂ ಅಲ್ಲಿನ ಹೆಂಗಸರು ನೆರವಾದರು. 1995ರ ಜುಲೈಯಲ್ಲಿ ಸ್ರೆಬ್ರೆನಿಕಾದಲ್ಲಿ 8,000ಕ್ಕೂ ಹೆಚ್ಚು ಬೋಸ್ನಿಯಾದ ಮುಸ್ಲಿಂ ಗಂಡಸರು, ಹುಡುಗರನ್ನು ಬೋಸ್ನಿಯಾದ ಸರ್ಬ್ ಪಡೆ ಕೊಂದಿತು. ಅವರ ನೆನಪಿಗೆ ಈ ಹೆಂಗಸರು ಜುಲೈ 10ರಂದು ತಮ್ಮ ಊರಿನ ನಡುಮಧ್ಯದ ಚೌಕದಲ್ಲೇ ನಿಲ್ಲುತ್ತಾರೆ. ‘ದೇಶದ್ರೋಹಿಗಳು’ ಅನ್ನಿಸಿಕೊಂಡು ನಿಲ್ಲುತ್ತಾರೆ.

ಇದನ್ನು ಓದುವಾಗ ನನಗೆ ನೀನು ನೆನಪಾದೆ ಅಮ್ಮ. ತೋಟದ ಬೇಲಿ ವಿಷಯಕ್ಕೆ ಕೆಳಮನೆಯವರಿಗೂ ನಮಗೂ ಕೋರ್ಟು ಕಚೇರಿ ನಡೆಯುತ್ತಿತ್ತಲ್ಲ, ಆಗಲೇ ಅವರ ಹಿರೀ ಮಗ ಬೈಕಿನಿಂದ ಬಿದ್ದು ಹೋಗಿಬಿಟ್ಟ. ಅಪ್ಪ ಬೇಡ ಅಂದರೂ ನೀನು ಒಂದು ಪಾತ್ರೆ ಗಂಜಿ ಹೊತ್ತು ಆ ಬೇಲಿ ದಾಟಿದೆ. ನಾನೂ ಹಿಂದೆಯೇ ಬಂದಿದ್ದೆ. ಅವರ ಜಗಲಿ ಮೇಲೆ ನೀನು ಸಂಜೆಯವರೆಗೂ ಕೂತಿದ್ದೆ, ಒಂದು ಮಾತು ಆಡಲಿಲ್ಲ. ಅಪ್ಪ ಎರಡು ದಿನ ನಿನ್ನ ಜೊತೆ ಮಾತು ಬಿಟ್ಟಿದ್ದರು. ಕೇಸು ಮುಗಿಯಲಿಲ್ಲ, ಬೇಲಿ ಒಂದಡಿಯೂ ಸರಿಯಲಿಲ್ಲ. ಹಾಗಿರುವಾಗ ‘ಸುಮ್ನೆ ನಿಂತರೆ ಯುದ್ಧ ನಿಲ್ಲುತ್ತಾ?’ ಅಂತ ನೀನು ಕೇಳಬಹುದಾ?

ನಿಲ್ಲಲ್ಲ ಅಂತ ನನಗೂ ಗೊತ್ತು. ಕೆಲವೊಮ್ಮೆ ಪೂರ್ತಿ ಒಂದು ಗಂಟೆಯಲ್ಲಿ ಮೂರು ಜನ ಕರಪತ್ರ ತೆಗೆದುಕೊಂಡರೆ ಹೆಚ್ಚು. ಒಬ್ಬ ಕುಡುಕ ಬಂದು ಬಾಯಿಗೆ ಬಂದ ಹಾಗೆ ಬೈದ. ಕುರ್ಚಿಯವರು ಅವನಿಗೂ ಒಂದು ಕರಪತ್ರ ಕೊಟ್ಟರು!

ಇದು ಬಿಳಿಯರ ಶೋಕಿ ಅಂತ ತಮ್ಮ ಹೇಳಿದನಂತೆ. ಬೆಂಗಳೂರಿನಲ್ಲಿ 1979ರಿಂದ ಇರುವ ‘ವಿಮೋಚನಾ’ ಅನ್ನುವ ಹೆಂಗಸರ ಸಂಘಟನೆಯವರೂ ಹೀಗೇ ಕಪ್ಪು ತೊಟ್ಟು ಮೌನವಾಗಿ ನಿಂತವರು ಅಂತ ಅವನಿಗೆ ಹೇಳು. ಮದುವೆಯಾದ ಹೆಣ್ಣುಮಕ್ಕಳು ಸ್ಟೌ ಸಿಡಿದು ಸತ್ತರು ಅಂತ ಬರೆದು ಫೈಲು ಮುಚ್ಚುತ್ತಿದ್ದ ಕಾಲದಲ್ಲಿ ಅಂಥ ಸಾವುಗಳ ಬೆನ್ನು ಹತ್ತಿದವರು ಅವರು. ಮನೆಯೊಳಗೆ ನಡೆಯುವುದೂ ಯುದ್ಧವೇ ಅಂತ ಇಲ್ಲಿಯವರೂ ಹೇಳುತ್ತಾರೆ. ನಾನು ನರ್ಸಿಂಗ್ ಓದುವಾಗ ಸುಟ್ಟಗಾಯದ ವಾರ್ಡಿನಲ್ಲಿ ನೋಡಿದ್ದನ್ನು ನಿನಗೆ ಯಾವತ್ತೂ ಹೇಳಿಲ್ಲ. ಈಗಲೂ ಬೇಡ.

ಈ ಬುಧವಾರ ನೈಟ್ ಡ್ಯೂಟಿ ಇದೆ, ಹೋಗುವುದಿಲ್ಲ. ಚಳಿ ಶುರುವಾಗಿದೆ, ಸ್ವೆಟರ್ ಇದೆ, ಅದೂ ಕಪ್ಪೇ. ಊರಿಗೆ ಬರುವ ಗೆಳತಿಯ ಕೈಯಲ್ಲಿ ಮಂಡಿನೋವಿನ ಮುಲಾಮು ಕಳಿಸುತ್ತಿದ್ದೇನೆ, ಎರಡು ಟ್ಯೂಬ್. ಒಂದು ನಿನಗೆ, ಇನ್ನೊಂದು ಕೆಳಮನೆ ಅಜ್ಜಿಗೆ. ಅಪ್ಪನಿಗೆ ಹೇಳುವುದೋ ಬಿಡುವುದೋ ನಿನ್ನಿಷ್ಟ.

ನಿನ್ನ ಮಗಳು