ಬಂದರಿನಲ್ಲಿ ಕುಷ್ಠರೋಗ ತಪಾಸಣೆ: ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕುಷ್ಠರೋಗ ಪತ್ತೆ ಆಂದೋಲನದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬರುತ್ತಾರೆ. ಆದರೆ ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟಿನಲ್ಲೇ ಉಂಡು ಮಲಗುವ ಹೊರರಾಜ್ಯದ ಖಲಾಸಿಗಳು ಯಾವ ಮನೆಯ ಲೆಕ್ಕಕ್ಕೂ ಸಿಗುವುದಿಲ್ಲ. ಅವರಿಗೂ ತಪಾಸಣೆ ಆಗಲೇಬೇಕು. ಆದರೆ ಅದು ಅವರನ್ನು ಹೆದರಿಸುವ ರೀತಿಯಲ್ಲಿ ಆಗಬಾರದು ಎಂಬುದು ನನ್ನ ಕಳಕಳಿಯ ವಿನಂತಿ.

ರೋಗಿಗಳನ್ನು ದ್ವೀಪಕ್ಕೆ ಸಾಗಿಸಿದರೆ ರೋಗ ತೊಲಗುತ್ತದೆಂದು ಹಲವು ಸರ್ಕಾರಗಳು ನಂಬಿದ್ದವು. ಹವಾಯಿಯಲ್ಲಿ 1866ರಿಂದ ಸುಮಾರು 8,000 ಜನರನ್ನು ಮೊಲೊಕಾಯ್ ದ್ವೀಪದ ಕಲಾವುಪಾಪಕ್ಕೆ ಕಳುಹಿಸಲಾಯಿತು. ಆ ಕಾನೂನು 1969ರವರೆಗೂ ಉಳಿಯಿತು. ಫಿಲಿಪ್ಪೀನ್ಸ್‌ನ ಕುಲಿಯನ್ ದ್ವೀಪಕ್ಕೆ 1906ರಿಂದ ರೋಗಿಗಳನ್ನು ಸಾಗಿಸತೊಡಗಿದ ಅಮೆರಿಕನ್ ಆಡಳಿತ, ಅವರು ಮುಟ್ಟಿದ ಹಣ ಹೊರಗೆ ಚಲಾವಣೆಯಾಗಬಾರದೆಂದು 1913ರಲ್ಲಿ ಅಲ್ಲಿಗಷ್ಟೇ ಸಲ್ಲುವ ಅಲ್ಯುಮಿನಿಯಂ ನಾಣ್ಯಗಳನ್ನು ಟಂಕಿಸಿತು. ಅಲ್ಲಿ ಹುಟ್ಟಿದ ಶಿಶುಗಳನ್ನು ಹೆತ್ತವರಿಂದ ಬೇರ್ಪಡಿಸುವ ಪದ್ಧತಿಯೂ ಇತ್ತು. ಕಾಯಿಲೆ ಕೊಟ್ಟದ್ದಕ್ಕಿಂತ ಹೆಚ್ಚಿನ ನೋವನ್ನು ಆಡಳಿತವೇ ಕೊಟ್ಟಿತೆಂದು ನಾನು ನಂಬಿದ್ದೇನೆ. ಇದರಿಂದ ರೋಗಿಗಳು ವೈದ್ಯರಿಂದಲೇ ಅಡಗಿಕೊಳ್ಳುವಂತಾಯಿತು. ಹವಾಯಿಯ ಕೊಓಲಾವ್ ಎಂಬ ದನಗಾಹಿ, ಹೆಂಡತಿಯನ್ನು ಜೊತೆಗೆ ಕರೆದೊಯ್ಯಲು ಬಿಡಲಿಲ್ಲವೆಂದು, ಆಕೆ ಮತ್ತು ಮಗನೊಡನೆ ದುರ್ಗಮ ಕಣಿವೆಯೊಂದರಲ್ಲಿ ತಲೆಮರೆಸಿಕೊಂಡು ಅಲ್ಲಿಯೇ ಸತ್ತನು.

ಭಿಕ್ಷೆ ಬೇಡುವ ರೋಗಿಯನ್ನು ವಾರಂಟ್ ಇಲ್ಲದೆ ಹಿಡಿಯಲು ಪೊಲೀಸರಿಗೆ ಅಧಿಕಾರ ಕೊಟ್ಟಿದ್ದ ನಮ್ಮ ದೇಶದ 1898ರ ಕುಷ್ಠರೋಗಿಗಳ ಕಾಯ್ದೆ ರದ್ದಾದದ್ದು 2016ರಲ್ಲಿ.

ಈಗ ಬಹು ಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿದೆ. ರೋಗದ ಬಗೆಗೆ ತಕ್ಕಂತೆ 6 ಅಥವಾ 12 ತಿಂಗಳು ಮಾತ್ರೆ ತೆಗೆದುಕೊಂಡರೆ ಗುಣವಾಗುತ್ತದೆ. ಚಿಕಿತ್ಸೆ ಆರಂಭಿಸಿದವರಿಂದ ರೋಗ ಹರಡುವುದೂ ಬೇಗನೆ ನಿಲ್ಲುತ್ತದೆ. ಆದರೆ ಈ ರೋಗದಿಂದ ಕೈ ಮರಗಟ್ಟಿ, ಬಲೆಯ ಹಗ್ಗ ಅಂಗೈ ಕೊಯ್ದರೂ ನೋವೇ ಆಗದ ಖಲಾಸಿ, ಕೆಲಸ ಹೋದೀತೆಂದು ಆ ಗಾಯಕ್ಕೆ ಬಟ್ಟೆ ಸುತ್ತಿಕೊಂಡು ಸುಮ್ಮನಿದ್ದರೆ, ಆತನ ಬೆರಳುಗಳನ್ನು ಆಮೇಲೆ ಯಾವ ಮಾತ್ರೆಯೂ ಉಳಿಸಲಾರದು.

ಆದ್ದರಿಂದ ತಪಾಸಣೆ ಬೋಟು ನಿಲ್ಲುವ ಜೆಟ್ಟಿಯ ಮೇಲೆ ಎಲ್ಲರೆದುರು ಸಾಲು ನಿಲ್ಲಿಸಿ ನಡೆಯದೆ, ಮರೆಯಿರುವ ಕೋಣೆಯಲ್ಲಿ ನಡೆಯಲಿ. ರೋಗ ಪತ್ತೆಯಾದವರ ಹೆಸರು ಬೋಟು ನಡೆಸುವ ತಾಂಡೇಲರಿಗಾಗಲಿ ಬೋಟಿನ ಮಾಲೀಕರಿಗಾಗಲಿ ತಿಳಿಯದಿರಲಿ. ರೋಗದ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಬಾರದೆಂದು ಮಾಲೀಕರಿಗೆ ಲಿಖಿತವಾಗಿ ತಿಳಿಸಲಾಗಲಿ. ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ವೇಳೆ ಇವರಲ್ಲಿ ಬಹುತೇಕರು ಊರಿಗೆ ಹೋಗುವುದರಿಂದ, ಚಿಕಿತ್ಸೆ ನಡುವೆ ನಿಲ್ಲದಂತೆ ಮಾತ್ರೆ ಮತ್ತು ದಾಖಲೆಯನ್ನು ಜೊತೆಗೆ ಕೊಟ್ಟು, ಅವರ ಊರಿನ ಆರೋಗ್ಯ ಕೇಂದ್ರಕ್ಕೂ ಮಾಹಿತಿ ಕಳುಹಿಸಬೇಕು. ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿಯುವ ಮೊದಲು ಆರೋಗ್ಯ ಮತ್ತು ಮೀನುಗಾರಿಕೆ ಇಲಾಖೆಗಳಿಗೆ ಈ ಬಗ್ಗೆ ಜಂಟಿ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಾರವಾರದ ಒಬ್ಬ ನಾಗರಿಕ