ಮಣ್ಣಿಗೇನು ಬರವಾ ಭಾವ?

ಹೊನ್ನಾವರ

ತಮಾ, ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರವೇ ಬಂತು. ಮೂರು ದಿನ ಉತ್ತರ ಬರೆಯಲಿಲ್ಲ. ಕೆಲಸವೇನೂ ಇರಲಿಲ್ಲ, ಸುಮ್ನೆ ಕೂತಿದ್ದೆ. ನಿಮ್ಮ ಕಾರು ಫ್ಯಾಕ್ಟರಿಯ ಲೈನಿಗೆ ರೋಬೋ ಬಂದಿದ್ದು, ಕಾಂಟ್ರಾಕ್ಟ್ ಹುಡುಗರನ್ನು ಕಳಿಸಿದ್ದು, ಎಲ್ಲ ಓದಿಕೊಂಡು ಹೋದೆ. ಕೊನೆಯಲ್ಲಿ ಬರೆದಿದ್ದೀಯಲ್ಲ, 'ಮಗಳು ದೊಡ್ಡವಳಾಗುವ ಹೊತ್ತಿಗೆ ಫ್ಯಾಕ್ಟರಿಯಲ್ಲಿ ಮನುಷ್ಯರಿಗೆ ಕೆಲಸ ಇರುತ್ತಾ ಮಾವ' ಅಂತ. ಅಲ್ಲೇ ನಿಂತುಬಿಟ್ಟೆ.

ಇದನ್ನೇ ನಿನ್ನಪ್ಪನೂ ಕೇಳಿದ್ದರು. ಆಗ ನೀನು ತೊಟ್ಟಿಲಲ್ಲಿದ್ದೆ. ಮುಂಬೈ ಗಿರಣಿಯ ಕತೆ ನಿನಗೆ ಗೊತ್ತಿದ್ದದ್ದೇ. 1982ರ ಮುಷ್ಕರಕ್ಕೆ ಹೊರಗೆ ಬಂದ ಎರಡೂವರೆ ಲಕ್ಷ ಜನರಲ್ಲಿ ಎಷ್ಟೋ ಮಂದಿಗೆ ಮತ್ತೆ ಒಳಗೆ ಹೋಗಲು ಆಗಲೇ ಇಲ್ಲ. ಹಾಗೆ ಕೆಲಸ ಹೋಗಿ ಊರಿಗೆ ಬಂದ ಭಾವನನ್ನು ನಮ್ಮ ಹಂಚಿನ ಕಾರ್ಖಾನೆಗೆ ಸೇರಿಸಿದ್ದು ನಾನು. ಒಂದು ಸಂಜೆ ಶರಾವತಿ ದಂಡೆಯಲ್ಲಿ ಕಾಲು ತೊಳೆಯುತ್ತಾ ಕೇಳಿದರು, 'ಇದೂ ಹೋದರೆ ಆ ಹುಡುಗನ ಕಾಲಕ್ಕೆ ಏನು ಉಳಿಯುತ್ತೆ?' ನಾನು ನಕ್ಕೆ. 'ಮಣ್ಣಿಗೇನು ಬರವಾ ಭಾವ? ಮಂಗಳೂರಲ್ಲಿ ಬಾಸೆಲ್ ಮಿಷನ್ ಪಾದ್ರಿಗಳು 1865ರಲ್ಲಿ ಶುರು ಮಾಡಿದ ಹಂಚಿನ ಕೆಲಸ ಇನ್ನೂ ನಡೀತಾ ಇದೆ' ಅಂದೆ.

ಅಂದು ನಗಬಾರದಿತ್ತು. ನನಗೆ ಗೊತ್ತಿತ್ತು, ತಮಾ. ಅಂಗಳದಲ್ಲಿ ಪೇರಿಸಿಟ್ಟ ಹಂಚಿನ ಮೇಲೆ ಪಾಚಿ ಕಟ್ಟಿತ್ತು. ಮಾರಾಟವಾಗುವ ಹಂಚಿಗೆ ಪಾಚಿ ಕಟ್ಟುವಷ್ಟು ಪುರುಸೊತ್ತು ಎಲ್ಲಿರುತ್ತೆ? ಪ್ರತಿ ಮಳೆಗಾಲ ಆ ಸಾಲು ಉದ್ದವಾಗುತ್ತಿತ್ತು. ಭಟ್ಟಿಯಿಂದ ಬಂದ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ, ಠಣ್ ಅಂದರೆ ಒಂದು ಕಡೆ, ದಬ್ ಅಂದರೆ ಇನ್ನೊಂದು ಕಡೆ ಇಡುವುದು ನನ್ನ ಕೆಲಸ. ಒಡಕು ಹಂಚು ಕೈಗೇ ಗೊತ್ತಾಗುತ್ತಿತ್ತು. ಕಾರ್ಖಾನೆಯೇ ದಬ್ ಅನ್ನುತ್ತಿದ್ದದ್ದು ಕೇಳಿಸಿದರೂ ಬಾಯಿ ಬಿಡಲಿಲ್ಲ. ಕರೆದುಕೊಂಡು ಬಂದವನು ನಾನೇ ಅಲ್ವಾ? ಆಮೇಲಿನದ್ದು ಬರೆಯುವುದು ಬೇಡ.

ಮಣ್ಣಿಗೆ ಬರ ಬರಲಿಲ್ಲ. ಜನ ತಾರಸಿ ಹಾಕಿಸಿದರು, ಶೀಟು ಹೊದೆಸಿದರು, ಸೌದೆ ದುಬಾರಿಯಾಯಿತು. ಹಂಚೇ ಯಾರಿಗೂ ಬೇಡವಾಯಿತು, ಜೊತೆಗೆ ನಾವೂ. ಆದರೆ ನಿನ್ನ ಕಾಗದದಲ್ಲಿರುವುದು ಬೇರೆ. ಕಾರು ಬೇಕು, ಮೊದಲಿಗಿಂತ ಜಾಸ್ತಿ ಬೇಕು, ಮಾಡುವ ಕೈ ಮಾತ್ರ ಬೇಡ. ಅದಕ್ಕೇ ನಿನ್ನ ಭಯ ನಿನ್ನಪ್ಪನ ಭಯಕ್ಕಿಂತ ದೊಡ್ಡದು ಅನಿಸಿತು. ಈ ಸಲ ನಗು ಬರಲಿಲ್ಲ.

2014ರಲ್ಲಿ ಮೇಕ್ ಇನ್ ಇಂಡಿಯಾ ಅಂತ ಶುರುವಾದಾಗ ದೇಶದ ಆದಾಯದಲ್ಲಿ ತಯಾರಿಕೆಯ ಪಾಲು ನೂರಕ್ಕೆ 25 ಆಗುತ್ತೆ ಅಂದರು. ನಾನೂ ನಂಬಿದ್ದೆ. ಅದರ ಹತ್ತಿರವೂ ಹೋಗಲಿಲ್ಲ. 2023-24ರ ಲೆಕ್ಕದಲ್ಲೂ ದುಡಿಯುವ ನೂರು ಜನರಲ್ಲಿ 11-12 ಜನರದ್ದು ಮಾತ್ರ ತಯಾರಿಕೆ ಕೆಲಸ, 46 ಜನ ಗದ್ದೆ ತೋಟದಲ್ಲೇ ಇದ್ದರು. ಜನ ಹತ್ತುವ ಮೊದಲೇ ಬಸ್ಸು ಬಿಟ್ಟ ಹಾಗೆ.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಒಂದು ಹೇಳುತ್ತೇನೆ, ತಿಂಗಳು ತಿಂಗಳು ಪಿಎಫ್ ಪಾಸ್‌ಬುಕ್ ನೋಡು. ನಮ್ಮಲ್ಲಿ ಸಂಬಳದಿಂದ ಮುರಿದಿದ್ದರು, ಕಟ್ಟಿರಲಿಲ್ಲ. ಬಾಗಿಲು ಮುಚ್ಚಿದ ದಿನ ಗೊತ್ತಾಯಿತು. ಮತ್ತೆ, ಆ ರೋಬೋ ಕೆಟ್ಟಾಗ ರಿಪೇರಿಗೆ ಬರುತ್ತಾರಲ್ಲ, ಅವರ ಪಕ್ಕದಲ್ಲಿ ನಿಂತು ನೋಡಲು ಬಿಡುತ್ತಾರಾ? ಬಿಟ್ಟರೆ ನಿಲ್ಲು. ನಮ್ಮ ಹಂಚು ಒತ್ತುವ ಪ್ರೆಸ್ಸು ರಿಪೇರಿ ಮಾಡುತ್ತಿದ್ದವನು ಒಂದು ದಿನವೂ ಖಾಲಿ ಕೂರಲಿಲ್ಲ, ಆಮೇಲೆ ಬೋಟ್ ಇಂಜಿನ್ ಕಡೆ ಹೋದ. ಇದು ನಿನಗೆ ಗೊತ್ತಿದ್ದದ್ದೇ ಇರಬಹುದು. ಮುದುಕನ ಮಾತು, ಬಿಡು.

ಮಗಳ ಮುಂದೆ ಮಾತ್ರ ಈ ಮಾತು ಆಡಬೇಡ. ನಿನ್ನಪ್ಪ ನಿನ್ನ ಮುಂದೆ ಆಡಲಿಲ್ಲ, ಅದಕ್ಕೇ ನೀನು ಐಟಿಐ ಸೇರಿದೆ. ಅದು ಸರಿಯೋ ತಪ್ಪೋ, ಈಗ ನನಗೆ ಗೊತ್ತಾಗುತ್ತಿಲ್ಲ. ಅವಳ ಕಾಲಕ್ಕೆ ಏನು ಉಳಿಯುತ್ತೆ ಅಂತ ಕೇಳಿದೆಯಲ್ಲ, ಮತ್ತೆ ಮತ್ತೆ ಅಲ್ಲಿಗೇ ಬರುತ್ತೇನೆ. ಗೊತ್ತಿಲ್ಲ ಮಗಾ. ಭಾವನಿಗೂ ಇಷ್ಟು ಹೇಳಿದ್ದರೆ ಸಾಕಿತ್ತು.

ಮೇ ತಿಂಗಳಲ್ಲಿ ಅವಳನ್ನೂ ಕರೆದುಕೊಂಡು ಬಾ. ಮಳೆಗೆ ಮೊದಲು ಮಾಡಿನ ಹಂಚು ತೆಗೆದು ಹೊದೆಸಬೇಕು. ಆಳು ಸಿಗುತ್ತಿಲ್ಲ. ನಾನು ಏಣಿ ಹತ್ತುತ್ತೇನೆ ಅಂದರೆ ನಿನ್ನ ಅತ್ತೆ ಬಿಡುವುದಿಲ್ಲ.

ನಿನ್ನ ಮಾವ