ಆಮೇಲೆ ಆ ಮಕ್ಕಳು ಏನಾದರು?

ಸಂಪಾದಕರಿಗೆ ನಮಸ್ಕಾರ.

ಮಾರ್ಟಿನ್ ಲೂಥರ್ ಕಿಂಗ್ ಅವರ ಜನ್ಮದಿನಕ್ಕೆ ನೀವು ಹಾಕಿದ್ದ ಪುಟ ಚೆನ್ನಾಗಿತ್ತು. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಣ್ಣದ ಭೇದದ ವಿರುದ್ಧ ಮೆರವಣಿಗೆ ಹೊರಟ ಮಕ್ಕಳ ಮೇಲೆ ಪೊಲೀಸರು ನಾಯಿ ಬಿಟ್ಟ ಫೋಟೊ ಅದರಲ್ಲಿತ್ತು. ಅದನ್ನು ನೋಡಿ ನನ್ನ ಮೊಮ್ಮಗಳು, "ಆಮೇಲೆ ಆ ಮಕ್ಕಳು ಏನಾದ್ರು ಅಜ್ಜಿ?" ಅಂತ ಕೇಳಿದಳು. ಪುಟದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಉತ್ತರ ಹೇಳಬೇಕಾದರೆ ಒಬ್ಬ ನ್ಯಾಯಾಧೀಶರ ಹೆಸರು ಹೇಳಲೇಬೇಕು: ಎಲ್ಬರ್ಟ್ ಟಟಲ್.

1963ರ ಮೇ 20ರಂದು ಅಲ್ಲಿನ ಶಿಕ್ಷಣ ಮಂಡಳಿ, ಮೆರವಣಿಗೆಗೆ ಹೋಗಿದ್ದ ಸಾವಿರಕ್ಕೂ ಹೆಚ್ಚು ಕಪ್ಪು ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿತು. ವರ್ಷದ ಪಾಠ ಮುಗಿಯಲು ಕೆಲವೇ ದಿನ ಬಾಕಿ. ಹೊರಗೆ ಉಳಿದರೆ ಅಷ್ಟು ದಿನ ಓದಿದ್ದೆಲ್ಲ ನೀರುಪಾಲು. 22ರಂದು ಅಲ್ಲಿನ ಜಿಲ್ಲಾ ಫೆಡರಲ್ (ಕೇಂದ್ರ ಸರ್ಕಾರದ ಕೋರ್ಟಿನ) ನ್ಯಾಯಾಧೀಶರು ಮಂಡಳಿಯ ಕ್ರಮಕ್ಕೆ ಅಡ್ಡ ಬರಲು ಒಪ್ಪಲಿಲ್ಲ. ವಕೀಲೆ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಮತ್ತು ಸಂಗಡಿಗರು ಅದೇ ದಿನ ಅಟ್ಲಾಂಟಾದಲ್ಲಿ ಟಟಲ್ ಅವರ ಬಾಗಿಲು ತಟ್ಟಿದರು. ಟಟಲ್ ಆಗ ದಕ್ಷಿಣದ ಆರು ರಾಜ್ಯಗಳ ಮೇಲ್ಮನವಿ ಕೇಳುತ್ತಿದ್ದ ಐದನೇ ಸರ್ಕಿಟ್ ಎಂಬ ಫೆಡರಲ್ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರು, ವಯಸ್ಸು 65. ಅವತ್ತೇ ವಾದ ಕೇಳಿದರು. ಅವತ್ತೇ ಸಂಜೆ, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದು ಆದೇಶ ಕೊಟ್ಟರು. ಮಕ್ಕಳು ಓದು ಬಿಡದಂತೆ ತಡೆಯಲು ಎಲ್ಲರೂ ಒದ್ದಾಡುತ್ತಿರುವಾಗ, ಶಿಕ್ಷಣ ಮಂಡಳಿಯೇ ಇಷ್ಟು ಮಕ್ಕಳ ಓದು ಕೆಡಿಸುವುದು ಆಘಾತಕಾರಿ ಎಂಬ ಮಾತೂ ಅವರ ಆದೇಶದಲ್ಲಿದೆ.

ನಾನು ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತಿಯಾದವಳು. ಒಂದು ವರ್ಷ ಅಂದರೆ ಏನು ಅಂತ ಗೊತ್ತು. ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗದ ಹುಡುಗನೊಬ್ಬ "ಮುಂದಿನ ವರ್ಷ ಬರ್ತೀನಿ ಟೀಚರ್" ಅಂತ ಹೋದವನು ಮತ್ತೆ ಬರಲೇ ಇಲ್ಲ. ಗ್ಯಾರೇಜಿನಲ್ಲಿ ಕೈಯೆಲ್ಲ ಗ್ರೀಸು ಮಾಡಿಕೊಂಡು ನಿಂತಿದ್ದನ್ನು ಆಮೇಲೆ ನೋಡಿದೆ. ಅದಕ್ಕೇ "ಅವತ್ತೇ ಸಂಜೆ" ಅನ್ನುವ ಮಾತು ನನಗೆ ಅಷ್ಟು ದೊಡ್ಡದು.

ಅಮೆರಿಕದ ಕೋರ್ಟು ಅಂದರೆ ನಮ್ಮ ಪತ್ರಿಕೆಗಳಲ್ಲಿ ಸುಪ್ರೀಂ ಕೋರ್ಟು ಮಾತ್ರ. ಶಾಲೆಗಳಲ್ಲಿ ಬಣ್ಣದ ಭೇದ ತಪ್ಪು ಎಂದು ಅದು 1954ರಲ್ಲಿ ಹೇಳಿದ್ದು ನಿಜ. ಆದರೆ ಹೇಳಿದ ಮಾತ್ರಕ್ಕೆ ಯಾರೂ ಬಾಗಿಲು ತೆರೆಯಲಿಲ್ಲ. ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನ, ಫ್ಲಾರಿಡಾ, ಟೆಕ್ಸಸ್ ಈ ಆರೂ ರಾಜ್ಯಗಳ ಮೇಲ್ಮನವಿ ಬರುತ್ತಿದ್ದುದು ಐದನೇ ಸರ್ಕಿಟ್‌ಗೆ. 1954ರಲ್ಲೇ ಅಧ್ಯಕ್ಷ ಐಸೆನ್‌ಹೋವರ್ ಟಟಲ್ ಅವರನ್ನು ಅಲ್ಲಿಗೆ ನೇಮಿಸಿದರು. ಅಲ್ಲಿ ಭೇದ ಉಳಿಸಬೇಕು ಅನ್ನುವವರು ಕೇಸು ಗೆಲ್ಲಬೇಕಾಗಿರಲಿಲ್ಲ. ಎಳೆದರೆ ಸಾಕಿತ್ತು. ಎಳೆಯುತ್ತ ಹೋದರೆ ಮಗು ದೊಡ್ಡದಾಗಿ ಹೋಗುತ್ತದೆ ಅಲ್ವಾ?

1961ರ ಜನವರಿಯಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಕೇಸಿನಲ್ಲೂ ಹೀಗೇ ಆಯಿತು. ಚಾರ್ಲೀನ್ ಹಂಟರ್, ಹ್ಯಾಮಿಲ್ಟನ್ ಹೋಮ್ಸ್ ಎಂಬ ಇಬ್ಬರು ಕಪ್ಪು ವಿದ್ಯಾರ್ಥಿಗಳು 1959ರಲ್ಲೇ ಅರ್ಜಿ ಹಾಕಿ ಕಾಯುತ್ತಿದ್ದರು. ಅವರನ್ನು ಸೇರಿಸಿಕೊಳ್ಳಿ ಎಂದು ಆದೇಶಿಸಿದ್ದ ಜಿಲ್ಲಾ ನ್ಯಾಯಾಧೀಶರೇ, ಮೇಲ್ಮನವಿ ಮುಗಿಯಲಿ ಎಂದು ತಮ್ಮ ಆದೇಶಕ್ಕೆ ತಡೆ ಕೊಟ್ಟರು. ಅದೇ ದಿನ, ಕೆಲವೇ ಗಂಟೆಗಳಲ್ಲಿ, ಟಟಲ್ ಆ ತಡೆಯನ್ನು ತೆಗೆದು ಹಾಕಿದರು. ಹೋಮ್ಸ್ ಮುಂದೆ ಮೂಳೆ ತಜ್ಞರಾದರು. ಹಂಟರ್ ಹೆಸರಾಂತ ಪತ್ರಕರ್ತೆಯಾದರು.

ಟಟಲ್ ಆತುರದ ಮನುಷ್ಯ ಅಂತ ಯಾರೂ ತಿಳಿಯಬಾರದು. 1931ರಲ್ಲಿ, ಅಟ್ಲಾಂಟಾದಲ್ಲಿ ತೆರಿಗೆ ವಕೀಲರಾಗಿದ್ದಾಗ, ನ್ಯಾಷನಲ್ ಗಾರ್ಡ್ ಎಂಬ ಮೀಸಲು ಪಡೆಯ ಅಧಿಕಾರಿಯಾಗಿ ಎಲ್ಬರ್ಟನ್ ಊರಿಗೆ ಹೋಗಿದ್ದರು. ಜಾನ್ ಡೌನರ್ ಎಂಬ ಕಪ್ಪು ಕೈದಿಯನ್ನು ಕೊಲ್ಲಲು ಜೈಲಿಗೆ ಮುತ್ತಿಗೆ ಹಾಕಿದ್ದ ಗುಂಪಿನಿಂದ ಅವನನ್ನು ಕಾಪಾಡಿದರು. ಆಮೇಲೆ ಅವಸರದಲ್ಲಿ ವಿಚಾರಣೆ ಮುಗಿಸಿ ಅವನಿಗೆ ಮರಣದಂಡನೆ ಹಾಕಿದಾಗ, ಇಂಥ ವಿಚಾರಣೆ ವಿಚಾರಣೆಯೇ ಅಲ್ಲ ಎಂದು ಹೋರಾಡಿ ಇನ್ನೊಂದು ವಿಚಾರಣೆ ಸಿಗುವಂತೆ ಮಾಡಿದರು. ಡೌನರ್ ಮಾತ್ರ ಕೊನೆಗೂ ಉಳಿಯಲಿಲ್ಲ. ಅದನ್ನು ಓದಿದಾಗ ತುಂಬಾ ಸಂಕಟವಾಯಿತು. 1938ರಲ್ಲಿ ವಕೀಲರಿಲ್ಲದೆ ಶಿಕ್ಷೆಯಾಗಿದ್ದ ಬಡ ಸೈನಿಕ ಜಾನ್ಸನ್ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದರು. ಫೆಡರಲ್ ಕ್ರಿಮಿನಲ್ ಕೇಸುಗಳಲ್ಲಿ ಆರೋಪಿಗೆ ವಕೀಲ ಇರಲೇಬೇಕು ಎಂದು ಆ ತೀರ್ಪು ಹೇಳಿತು. ಎರಡನೇ ಮಹಾಯುದ್ಧದಲ್ಲಿ, ಐವತ್ತರ ಹತ್ತಿರ ಬಂದಿದ್ದರೂ, ಮುಂಚೂಣಿಯಲ್ಲಿ ಹೋರಾಡಿ ಗಾಯಗೊಂಡರು.

ಮಗಳ ಮನೆಗೆ ಹೋಗಿದ್ದಾಗ ಅಟ್ಲಾಂಟಾದ ಫೋರ್ಸಿತ್ ಬೀದಿಯಲ್ಲಿ ಆ ಕೋರ್ಟು ನೋಡಿದೆ. ಹಿಂದೆ ಅಂಚೆ ಕಚೇರಿಯೂ ಇದ್ದ ಹಳೇ ಕಲ್ಲಿನ ಕಟ್ಟಡ. ಈಗ ಅದಕ್ಕೆ ಟಟಲ್ ಅವರದೇ ಹೆಸರು. ರಸ್ತೆಯಲ್ಲಿ ನಿಂತು, 63ರ ಆ ಸಂಜೆ ಆದೇಶದ ಸುದ್ದಿಗೆ ಕಾಯುತ್ತಿದ್ದ ತಾಯಂದಿರನ್ನು ನೆನೆದೆ. ಕಣ್ಣು ತುಂಬಿ ಬಂತು. ಟಟಲ್ 1996ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಟಟಲ್ ಒಬ್ಬರೇ ಮಾಡಿದ್ದಲ್ಲ ಇದು. ಜಾನ್ ಮೈನರ್ ವಿಸ್‌ಡಮ್, ಜಾನ್ ಬ್ರೌನ್, ರಿಚರ್ಡ್ ರೈವ್ಸ್ ಎಂಬ ನ್ಯಾಯಾಧೀಶರೂ ಅದೇ ಪೀಠಗಳಲ್ಲಿದ್ದರು. ವಕೀಲೆ ಮಾಟ್ಲಿ ಅವರದೇ ಒಂದು ದೊಡ್ಡ ಕಥೆ.

ಮುಂದಿನ ಜನವರಿಯಲ್ಲಿ ಆ ಫೋಟೊ ಮತ್ತೆ ಹಾಕುವಾಗ, ಪಕ್ಕದಲ್ಲಿ ನಾಲ್ಕು ಸಾಲಿನ ಜಾಗ ಇವರಿಗೂ ಕೊಡಿ. ಆ ಮಕ್ಕಳು ಶಾಲೆಗೆ ವಾಪಸ್ ಹೋದರು ಅಂತ ಬರೆಯಿರಿ.

– ಒಬ್ಬ ನಿವೃತ್ತ ಶಿಕ್ಷಕಿ, ಹಾಸನ